ಕಾರಿಗೂ ಎಣ್ಣೆಸ್ನಾನ

ನನ್ನ ಗಂಡ ಗುಣಪಾಲರಿಗೆ ಕಾರಿನ ವಿಷಯದಲ್ಲಿ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಯುದ್ಧ ಮುಗಿದ ಮರುವರ್ಷ ಮಂಗಳೂರಿನ ವಕೀಲರೊಬ್ಬರಿಂದ ಹಳೇ ಕಾರು ಕೊಂಡು ಬ್ರಹ್ಮಾವರಕ್ಕೆ ತಂದಿದ್ದರು. ಮದುವೆಯಾಗಿ ಆರು ತಿಂಗಳಾದರೂ ನನ್ನನ್ನು ಬಾನೆಟ್ಟಿನ ಹತ್ತಿರ ಬಿಟ್ಟುಕೊಂಡವರಲ್ಲ. "ಹೆಂಗ್ಸ್ರಿಗೆ ಅದೆಲ್ಲ ಅರ್ಥ ಆತಿಲ್ಲೆ, ಕುಸುಮ" ಎನ್ನುತ್ತಿದ್ದರು. ನಾನು ತುಟಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ.

ಸುಮ್ಮನಿರದೆ ಉಪಾಯವಿರಲಿಲ್ಲ. ನಾವುಂದದ ನನ್ನ ತವರಿನಲ್ಲಿ ಅಣ್ಣ ಗಣಪ ಪೆಟ್ರೋಲು ಸಿಗದ ಯುದ್ಧಕಾಲದಲ್ಲಿ ಇದ್ದಿಲ ಗ್ಯಾಸಿನ ಬಸ್ಸು ಓಡಿಸುತ್ತಿದ್ದ. ಆ ಬಸ್ಸಿನ ಅಡಿಯಲ್ಲೇ ನನ್ನ ನಾಲ್ಕು ವರ್ಷ ಕಳೆದಿತ್ತು. ಸ್ಪ್ಯಾನರ್ ಹಿಡಿಯುವುದನ್ನೂ, ಕೊಯ್ದ ಗದ್ದೆಯಲ್ಲಿ ಬಸ್ಸು ಓಡಿಸುವುದನ್ನೂ ಅವನೇ ಕಲಿಸಿದ. ಮದುವೆ ನಿಶ್ಚಯವಾದ ದಿನ ಅಪ್ಪಯ್ಯ ದೇವರ ಮುಂದೆ ನನ್ನಿಂದ ಮಾತು ತೆಗೆದುಕೊಂಡರು. "ಬಸ್ಸಿನ ಸುದ್ದಿ ಗಂಡನ ಮನಿಯಂಗೆ ಎತ್ತೂಕಾಗ. ಗೊತ್ತಾರೆ ನಿನ್ನ ತಿರ್ಗ್ಸಿ ಕಳ್ಸ್ತ್ರ್." ನನಗೂ ಅದೇ ಹೆದರಿಕೆ. ಏನೇ ಬಡಾಯಿ ಕೊಚ್ಚಿಕೊಳ್ಳಲಿ, ಈ ಮನುಷ್ಯನನ್ನು ಬಿಟ್ಟಿರಲು ನನ್ನಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಮೊದಲ ದೀಪಾವಳಿ ಬಂತು. ಚತುರ್ದಶಿಯ ಬೆಳಗಿನ ಎಣ್ಣೆಸ್ನಾನಕ್ಕೆ ಹೊಸ ಅಳಿಯ ಮಾವನ ಮನೆಯಲ್ಲಿರಲೇಬೇಕು. ಅಪ್ಪಯ್ಯ ಕಾರ್ಡು ಬರೆದು ಕರೆದಿದ್ದರು. ಹಿಂದಿನ ದಿನ ಮಧ್ಯಾಹ್ನ ಹೊರಟಾಗ ಕಾರು ಮಿರಮಿರ ಮಿಂಚುತ್ತಿತ್ತು.

"ಹಬ್ಬ ಅಲ್ದಾ? ಕಾರಿಗೂ ತೆಂಗಿನೆಣ್ಣಿ ಹಚ್ಚಿದೆ" ಎಂದರು ಇವರು. "ಬಾನೆಟ್ ಒಳ್ಗೂ. ಒಂದ್ ಮುಚ್ಚಳನೂ ತೆಗೀದೆ ಬಿಡ್ಲಿಲ್ಲೆ."

ಯಾವ ಯಾವ ಮುಚ್ಚಳ ಎಂದು ಕೇಳಲಾಗದೆ ಕಾರು ಹತ್ತಿದೆ.

ತೆಕ್ಕಟ್ಟೆ ದಾಟುತ್ತಿದ್ದಂತೆ ಕಾರು ಎರಡು ಸಲ ಕೆಮ್ಮಿ ನಿಂತಿತು. ಇವರು ಇಳಿದು ಚಕ್ರಕ್ಕೆ ಒದ್ದರು. ಪೆಟ್ರೋಲು ನೋಡಿದರು, ನೀರು ನೋಡಿದರು, ಹಾರ್ನ್ ಒತ್ತಿದರು. "ಹಾರ್ನ್ ಸರಿ ಇತ್ತ್" ಎಂದರು. ಹೊತ್ತು ಇಳಿಯುತ್ತಿತ್ತು. ಕತ್ತಲಾದರೆ ಕುಂದಾಪುರದ ಹೊಳೆ ದಾಟಿಸುವವರು ಯಾರೂ ಇರುವುದಿಲ್ಲ. ಇವತ್ತು ಹೊಳೆ ದಾಟದಿದ್ದರೆ ಅಪ್ಪಯ್ಯನ ಮಾನ ಹೋಗುತ್ತದೆ. ನಾನು ಬಾನೆಟ್ ಎತ್ತಿದರೆ ನನ್ನ ಬಾಳು ಹೋಗುತ್ತದೆ. ಕೂತು ಯೋಚಿಸಿದೆ. ಇವರು ಮತ್ತೊಮ್ಮೆ ಹಾರ್ನ್ ಒತ್ತಿದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಹ್ವಾಯ್, ಸಾಕ್ ಮಾರ್ರೆ. ಬದಿಗೆ ನಿಲ್ಲಿ."

ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಲಿಪ್ ಎಬ್ಬಿಸಿ ಮುಚ್ಚಳ ತೆಗೆದೆ. ಒಳಗೆ ಒಂದು ಒಗ್ಗರಣೆಗೆ ಸಾಲುವಷ್ಟು ಎಣ್ಣೆ! ಕಿಡಿ ಹುಟ್ಟಬೇಕಾದರೆ ಅಲ್ಲಿ ಎರಡು ಪುಟ್ಟ ಲೋಹದ ಪಾಯಿಂಟುಗಳು ತಾಗಿ ತಾಗಿ ಬಿಡಬೇಕು. ಎಣ್ಣೆ ಅವುಗಳ ನಡುವೆ ಸುಟ್ಟು ಕರಿ ಹಿಡಿದಿತ್ತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಎಲ್ಲ ಒರೆಸಿದೆ. ಬೆಂಕಿಪೆಟ್ಟಿಗೆಯ ಗೀರುವ ಬದಿಯನ್ನು ಸೀಳಿ ಕರಿ ತಿಕ್ಕಿದೆ. ಪಾಯಿಂಟಿನ ಸಂದು ಅಳೆಯಲು ಅಣ್ಣ ಪೋಸ್ಟ್ ಕಾರ್ಡನ್ನು ಎರಡು ಮಡಿಕೆ ಮಾಡುತ್ತಿದ್ದ. ನಮ್ಮ ಬಳಿ ಇದ್ದದ್ದು ಹಬ್ಬಕ್ಕೆ ಕರೆದ ಕಾರ್ಡೊಂದೇ. ಅದನ್ನೇ ಮಡಿಚಿ ತೂರಿಸಿ ಸ್ಕ್ರೂ ಬಿಗಿದೆ.

"ಹ್ಯಾಂಡಲ್ ತಿರ್ಸಿ" ಎಂದೆ. ಇವರು ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರು. ಎರಡನೇ ಸುತ್ತಿಗೆ ಎಂಜಿನ್ ಹಿಡಿಯಿತು.

ಕುಂದಾಪುರದಲ್ಲಿ ಕೊನೆಯ ಜಂಗಲಿನ ಹಗ್ಗ ಬಿಚ್ಚುತ್ತಿದ್ದರು. ಎರಡು ದೋಣಿ ಜೋಡಿಸಿ ಹಾಸಿದ ಹಲಗೆಯ ಮೇಲೆ ಕಾರು ಹತ್ತಿತು. ಹೊಳೆಯ ನಡುವೆ ಬಂದರೂ ಇವರು ತುಟಿ ಬಿಚ್ಚಲಿಲ್ಲ. ಬಸ್ಸು, ಅಣ್ಣ, ಅಪ್ಪಯ್ಯ ತೆಗೆದುಕೊಂಡ ಮಾತು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. "ತಿರ್ಗ್ಸಿ ಕಳ್ಸುದಾರೆ ಹಬ್ಬ ಕಳ್ದ್ ಮೇಲ್ ಕಳ್ಸಿ" ಎಂದೆ. ಇವರು ನೀರು ನೋಡುತ್ತಾ ಕೂತರು.

ಆಚೆ ದಡದಲ್ಲಿ ಕಾರು ಇಳಿಸಿದ ಮೇಲೆ ಇವರು ಸುತ್ತಿ ಬಂದು ನನ್ನ ಬದಿಯ ಬಾಗಿಲು ತೆಗೆದರು. "ಆ ಬದಿ ಕೂಕೋ. ಬಸ್ಸ್ ಓಡ್ಸಿದವಳಿಗೆ ಕಾರ್ ಎಂತ ದೊಡ್ಡದಾ?"

ನಾವುಂದದ ಅಂಗಳಕ್ಕೆ ಕಾರು ತಿರುಗಿಸಿದಾಗ ಅಪ್ಪಯ್ಯ ಹಂಡೆಗೆ ನೀರು ತುಂಬಿಸುತ್ತಿದ್ದರು. ಸ್ಟೇರಿಂಗ್ ಹಿಡಿದು ಕೂತ ನನ್ನನ್ನು ಕಂಡದ್ದೇ ಕೊಡಪಾನ ಬಿಟ್ಟು ಓಡಿಬಂದು ಇವರಿಗೆ ಕೈಮುಗಿದರು.

"ನಾವ್ ಮುಚ್ಚಿಟ್ಟದ್ ತಪ್ಪಾಯ್ತ್. ಅವಳನ್ನ ಬಿಡ್ಬೇಡಿ."

ಇವರು ಅಪ್ಪಯ್ಯನ ಎರಡೂ ಕೈ ಹಿಡಿದು ಕೆಳಗಿಳಿಸಿದರು.

"ಎಂತ ಮುಚ್ಚಿಟ್ಟದ್, ಮಾವ? ಹೆಣ್ಣ್ ಕಾಂಬುಕೆ ಬಂದ ದಿನ ಕಾಪಿ ತಂದ್ ಕೊಟ್ಟದ್ ಇವಳೇ ಅಲ್ದಾ? ಹತ್ತ್ ಉಗುರಂಗೂ ಗ್ರೀಸ್ ಇತ್ತ್. ಅದ್ ಕಂಡೇ ನಾನ್ ಹ್ಞೂಂ ಅಂದದ್."

"ಆರು ತಿಂಗ್ಳಿಂದ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ್ಯಾ ನೀವ್?" ಎಂದು ಅಂಗಳದಲ್ಲೇ ಗದರಿದೆ.

"ನೀನೇ ಹೇಳ್ತ್ಯಾ ಕಾಂಬ ಅಂದೇಳಿ ಕಾದೆ, ಮಾರಾಯ್ತಿ."

ಸಿಟ್ಟು ಬಂದು ನನಗೆ ಅಳುವೇ ಬಂತು. ಅಪ್ಪಯ್ಯ ಕಣ್ಣೊರೆಸಿಕೊಂಡು ನಗತೊಡಗಿದರು.