ಸೋರುವ ಮೂಲೆಯ ಹೊಸಬ

ನಾಗಮಂಗಲದ ಪಾಠಶಾಲೆಯ ವಿದ್ಯಾರ್ಥಿಗಳು ಉಳಿದುಕೊಳ್ಳುತ್ತಿದ್ದ ಹಳೇ ಛತ್ರಕ್ಕೆ ಒಂದು ಕಟ್ಟಳೆ ಇತ್ತು. ಕಡೆಗೆ ಬಂದವನು ಸೋರುವ ಮೂಲೆಯಲ್ಲಿ ಮಲಗಬೇಕು, ಬೆಳಿಗ್ಗೆ ಎಲ್ಲರಿಗೂ ಬಾವಿಯಿಂದ ನೀರು ಸೇದಬೇಕು. ಅವನ ಹಿಂದೆ ಇನ್ನೊಬ್ಬ ಬಂದರೆ ಎರಡೂ ಆ ಇನ್ನೊಬ್ಬನ ಪಾಲು.

ಅನಂತರಾಮು ಬಂದ ವರ್ಷವೇ ರಾಜಧಾನಿಯಾದ ಪಟ್ಟಣದ ಮೇಲೆ ಶತ್ರುಗಳ ದಂಡು ಏರಿ ಬಂತು. ದಾರಿಯ ಊರುಗಳು ಖಾಲಿಯಾದವು. ಮಗನನ್ನು ಓದಲು ಕಳಿಸುವವರೇ ಇಲ್ಲವಾಗಿ, ಮೂರು ಮಳೆಗಾಲ ಕಳೆದರೂ ಅವನೇ ಹೊಸಬ. ಮೀಸೆ ಮೂಡಿದರೂ ಹೊಸಬ. ಚಾಪೆ ಕೊಳೆಯಿತು. ಓಲೆಗರಿಯ ಕಟ್ಟು ನೆನೆಯದಿರಲೆಂದು ಅದನ್ನು ಹೊಟ್ಟೆಗೆ ಅವಚಿಕೊಂಡು ಮಲಗುತ್ತಿದ್ದ.

ಆ ಮೂಲೆಯ ಸೂರಿನ ಜಂತೆಗೆ ಗೆದ್ದಲು ಹಿಡಿದದ್ದು ಎಲ್ಲರಿಗೂ ಗೊತ್ತಿತ್ತು. ಸಂತೆಬಾಚಹಳ್ಳಿಯ ಬಡಗಿ ಕಾಳಪ್ಪ ಬದಲಿಸಿಕೊಡಲು ಒಪ್ಪಿದ್ದ. ಆದರೆ ಹೆಂಚು ಇಳಿಸಿದರೆ ಎಲ್ಲರೂ ಹಾಸಿಗೆ ಸುತ್ತಿಕೊಂಡು ಕೆಲವು ದಿನ ಜಗಲಿಯ ಮೇಲೆ ಮಲಗಬೇಕಿತ್ತು.

"ನಾವೂ ಆ ಮೂಲೆ ಹಾದು ಬಂದವರೇ ಕಣೋ. ಯಾರೂ ಕರಗಿಹೋಗಲಿಲ್ಲ," ಎನ್ನುತ್ತಿದ್ದ ಎಲ್ಲರಿಗಿಂತ ಹಿರಿಯನಾದ ಶ್ರೀನಿವಾಸ.

ಹೊಸಬನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಬೆಲೆ ಬರುವ ಹೊತ್ತಿಗೆ ಅವನು ಒಣ ಜಾಗಕ್ಕೆ ಹೋಗಿರುತ್ತಿದ್ದ.

ಆ ಆಷಾಢದಲ್ಲಿ ಕೊನೆಗೂ ಒಬ್ಬರು ಬಂದರು, ತಲೆ ನರೆತ ವೆಂಕಟೇಶಯ್ಯ. ಅವರೂರಿನಲ್ಲಿ ಪೂಜೆ ಮಾಡುತ್ತಿದ್ದ ಅಣ್ಣ ದಂಡಿನ ಕಾಲದಲ್ಲಿ ತೀರಿಕೊಂಡಿದ್ದರು. ಮಂತ್ರ ಬಲ್ಲವರು ಬೇರೆ ಯಾರೂ ಇಲ್ಲದೆ ಈ ವಯಸ್ಸಿನಲ್ಲಿ ಕಲಿಯಲು ಬಂದಿದ್ದರು.

"ಹೊಸಬರ ಜಾಗ ಅದು," ಎಂದು ಶ್ರೀನಿವಾಸ ಮೂಲೆ ತೋರಿಸಿದ.

"ಆಗಲಪ್ಪ," ಎಂದು ಅವರು ಕೆಮ್ಮುತ್ತಲೇ ಚಾಪೆ ಬಿಡಿಸಿದರು.

ಅನಂತರಾಮು ಒಣ ನೆಲದಲ್ಲಿ ಮಲಗಿದ. ಇಷ್ಟು ಕಾಲ ಕಾದಿದ್ದ ನಿದ್ದೆ ಬರಲಿಲ್ಲ. ಮೂಲೆಯ ಕೆಮ್ಮು ನಿಲ್ಲಲಿಲ್ಲ.

ಬೆಳಿಗ್ಗೆ ವೆಂಕಟೇಶಯ್ಯ ನೀರು ಸೇದಲು ಹೋಗುವಷ್ಟರಲ್ಲಿ, ಬಾವಿಯ ಹಗ್ಗವನ್ನು ಸುರುಳಿ ಸುತ್ತಿ ಅನಂತರಾಮು ಅದರ ಮೇಲೆ ಕೂತಿದ್ದ.

"ಏಳೋ, ಸ್ನಾನಕ್ಕೆ ಹೊತ್ತಾಯ್ತು," ಎಂದ ಶ್ರೀನಿವಾಸ.

"ಈಗ ನಾನು ಹೊಸಬನಲ್ಲ. ಮಾತಾಡಬಹುದು ತಾನೇ ಅಣ್ಣ? ಕಾಳಪ್ಪನ್ನ ಕರೆಸಿ, ಹಗ್ಗ ಕೊಡ್ತೀನಿ."

"ತಲೆ ಕೆಟ್ಟಿದೆಯೇನೋ? ನಿನಗೆ ಒಣ ಜಾಗ ಸಿಕ್ಕಿತಲ್ಲ!"

"ಅದಕ್ಕೇ ಈಗ ಹೇಳ್ತಿರೋದು."

ಇಬ್ಬರು ರಟ್ಟೆ ಹಿಡಿದು ಎಳೆದರು. ಅವನು ಬಾವಿಯ ಕಲ್ಲುಕಂಬ ತಬ್ಬಿಕೊಂಡ. ಅಷ್ಟರಲ್ಲಿ ಮಳೆ ಹಿಡಿಯಿತು. ಎಲ್ಲರೂ ಒಳಗೋಡಿದರು. ಅವನು ಏಳಲಿಲ್ಲ.

"ನೆನೆದು ಸಾಯ್ತೀಯ, ಬಾರೋ!" ಎಂದು ಶ್ರೀನಿವಾಸ ಒಳಗಿಂದ ಕೂಗಿದ.

"ನನಗೇನು ಹೊಸದೇ? ಮೂರು ವರ್ಷ ಅಭ್ಯಾಸ ಮಾಡಿಸಿದ್ದೀರಿ."

ಅಡುಗೆಯ ಪದ್ಮಮ್ಮ ಬರೀ ಕೊಡ ಹಿಡಿದು ಬಂದರು. ಒಬ್ಬ ಕಿಲಾಡಿ, "ಮೂಲೆಯಲ್ಲಿ ಬೇಕಾದಷ್ಟು ನೀರು ಸೋರ್ತಿದೆಯಲ್ಲಮ್ಮ," ಎಂದ.

"ಗೆದ್ದಲು ಮಣ್ಣಿನ ನೀರಲ್ಲಿ ಅನ್ನ ಮಾಡ್ಲಾ? ಮೊದಲು ನಿನ್ನ ಎಲೆಗೇ ಬಡಿಸ್ತೀನಿ," ಎಂದ ಪದ್ಮಮ್ಮ ಕೊಡ ಬೋರಲು ಹಾಕಿ ಕೂತರು. "ಬಾವಿ ನೀರಿಲ್ಲದೆ ಒಲೆ ಹಚ್ಚಲ್ಲ. ನೀವುಂಟು, ಅವನುಂಟು."

ಹೊತ್ತು ನೆತ್ತಿಗೇರಿತು. ಹೊಟ್ಟೆಗಳು ಚುರುಗುಟ್ಟಿದವು. ಕಡೆಗೆ ಶ್ರೀನಿವಾಸ ಗೊಣಗುತ್ತ, ಕಂಬಳಿ ಕೊಪ್ಪೆ ಹಾಕಿಕೊಂಡು ಸಂತೆಬಾಚಹಳ್ಳಿಯ ದಾರಿ ಹಿಡಿದ. ಅವನು ಕಣ್ಮರೆಯಾಗುವವರೆಗೂ ಅನಂತರಾಮು ಹಗ್ಗ ಬಿಡಲಿಲ್ಲ. ಆಮೇಲೆ ಎದ್ದು ಮೊದಲ ಕೊಡ ತಾನೇ ಸೇದಿಕೊಟ್ಟ.

ಮರುದಿನ ಕಾಳಪ್ಪ ಬಂದು ಬಾಚಿಯಿಂದ ಜಂತೆ ತಟ್ಟಿದ. ಹಿಡಿ ಹಿಡಿ ಮಣ್ಣು ಉದುರಿತು.

"ಯಾರು ಬುದ್ದಿ ಇದ್ರ ಕೆಳ್ಗೆ ಮಲಗ್ತಿದ್ದೋರು? ಇನ್ನೊಂದು ಮಳೆ ಉಯ್ದಿದ್ರೆ ಅಂಗೇ ಮೇಲೆ ಬಿದ್ಬುಡೋದು."

ಹೆಂಚು ಇಳಿಸಿದ ಮೇಲೆ ಶ್ರೀನಿವಾಸ ಜಗಲಿಯಲ್ಲಿ ಗೋಡೆಯ ಪಕ್ಕದ ಒಣ ಜಾಗವನ್ನು ವೆಂಕಟೇಶಯ್ಯನವರಿಗೆ ಬಿಟ್ಟು, ತನ್ನ ಹಾಸಿಗೆಯನ್ನು ಅಂಚಿನಲ್ಲಿದ್ದ ಅನಂತರಾಮುವಿನ ಪಕ್ಕಕ್ಕೆ ಎಳೆದುಕೊಂಡ. ಸಂಜೆ ಎರಚಲು ಅವನ ಕಾಲಿಗೆ ಬಡಿಯಿತು.

"ಇದರಲ್ಲಿ ಹೇಗೋ ಮಲಗ್ತಿದ್ದೆ?"

"ಮಂಡಿ ಎದೆಗೆ ಮಡಚಿಕೊಳ್ಳಿ ಅಣ್ಣ," ಎಂದ ಅನಂತರಾಮು. "ಓಲೆಗರಿ ಹೊಟ್ಟೆ ಹತ್ತಿರ ಇರಲಿ. ಹಾಂ, ಹಾಗೆ."