ಪಟ್ಟಿಯ ಏಳನೇ ಮರ

ಮೂರನೇ ಸಲ ಚರಂಡಿಯ ಮುಚ್ಚಳ ತೆಗೆಸಿದಾಗಲೂ ಒಳಗೆ ನೀರು ಸಲೀಸಾಗಿ ಹರಿಯುತ್ತಿತ್ತು. ಆಸ್ಪತ್ರೆಯ ಮ್ಯಾನೇಜರ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಬಗ್ಗಿ ನೋಡಿದ. ನೀರು ಸರಿಯಾಗಿ ಹರಿಯುವುದೇ ಒಂದು ಅಪರಾಧವೇನೋ ಎಂಬಂತೆ ಮುಖ ಸಿಂಡರಿಸಿದ. ಒಳಾಂಗಣದ ತುಂಬ ಹೇಲಿನ ನಾತ. ಅದಕ್ಕೆ ಇನ್ನೂ ಮರ್ಯಾದೆಯ ಹೆಸರು ಹುಡುಕುವುದು ಯಾರಿಂದಲೂ ಆಗುತ್ತಿರಲಿಲ್ಲ. ಹತ್ತು ದಿನಗಳಿಂದ ವಾರ್ಡಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ರೋಗಿಗಳು ಊಟದ ತಟ್ಟೆಯನ್ನು ಮುಟ್ಟದೆ ವಾಪಸು ಕಳಿಸುತ್ತಿದ್ದರು.

ತೋಟದ ವಿನ್ಯಾಸಕಿಯನ್ನು ಅವನು ಕರೆಸಿದ್ದು ಘಮ್ಮೆನ್ನುವ ಒಂದು ಬಳ್ಳಿ ಹಬ್ಬಿಸಿ ಈ ನಾತವನ್ನು ಮುಚ್ಚಲು. ಎಂಟು ವರ್ಷದ ಹಿಂದೆ ಈ ಒಳಾಂಗಣದ ನಕ್ಷೆ ಬರೆದವಳು ಅವಳೇ. ಕಾಲುದಾರಿ, ಕಲ್ಲುಬೆಂಚು, ಸುತ್ತ ಮರಗಳು. ಅವಳೂ ಅವಳ ಗಂಡನೂ ನಡೆಸುವ ಚಿಕ್ಕ ಕಚೇರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಬಂದವರಿಗೆಲ್ಲ ಅದರ ಫೋಟೋ ತೋರಿಸಿ ಅವಳು ಬೀಗಿದ್ದೂ ಉಂಟು.

ಬಳ್ಳಿಯ ಮಾತಿನ ನಡುವೆಯೇ ಮ್ಯಾನೇಜರ್ ನಾತದ ಮೂಲವನ್ನೂ ಹೇಳಿಬಿಟ್ಟ. ಕಕ್ಕಸು ತೊಳೆಯುವ ದೊಡ್ಡಕ್ಕ ಬಕೆಟ್ಟಿನ ಗಲೀಜನ್ನು ಮರದ ಬುಡಕ್ಕೆ ಸುರಿಯುತ್ತಾಳೆ. ನೋಡಿದವರಿದ್ದಾರಾ ಎಂದು ವಿನ್ಯಾಸಕಿ ಕೇಳಿದ್ದಕ್ಕೆ, ನೋಡುವುದೇನು ಬಂತು, ನಾತವೇ ಹೇಳುತ್ತದಲ್ಲ ಅಂದ. ಇಪ್ಪತ್ತೆರಡು ವರ್ಷ ದುಡಿದವಳಿಗೆ ನಾಳೆಯಿಂದ ಬರಬೇಡ ಎಂದು ಬೆಳಿಗ್ಗೆಯೇ ಹೇಳಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರಿಗೆ ಎಮ್ಮೆ ಹತ್ತಿರದಲ್ಲಿದ್ದರೆ ಸಾಕು.

ಆ ದೊಡ್ಡಕ್ಕ ಅಂಗಳದ ನಲ್ಲಿಯ ಹತ್ತಿರ ನಿಂತು ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿಕೊಳ್ಳುತ್ತಿದ್ದಳು. ಚರ್ಮ ಕೆಂಪಗಾಗಿತ್ತು. ಮ್ಯಾನೇಜರ್ ಒಳಗೆ ಹೋದದ್ದನ್ನು ನೋಡಿಕೊಂಡು ಅವಳು ವಿನ್ಯಾಸಕಿಯ ಬಳಿ ಬಂದಳು.

"ಅಮ್ಮಾ, ನೀವು ಓದಿದೋರು. ಒಂದ್ಸಲ ಮೂಸಿ ನೋಡಿ ನಿಜ ಹೇಳಿ. ನನ್ನ ಕೈ ನಾರುತ್ತಾ?"

ಒದ್ದೆ ಕೈಗಳೆರಡನ್ನೂ ಮುಂದೆ ಚಾಚಿದಳು.

"ಎಲ್ಲರೂ ಅಂದೂ ಅಂದೂ ನಂಗೂ ಹಂಗೇ ಅನ್ಸೋಕೆ ಶುರುವಾಗಿದೆ. ಮೊಮ್ಮಗೂನ ಎತ್ಕೊಂಡು ಎಂಟು ದಿನ ಆಯ್ತು."

ವಿನ್ಯಾಸಕಿ ಬಗ್ಗಿ ಮೂಸಿದಳು. ಬರೀ ಸೋಪು. ಇಲ್ಲ ಎಂದು ಹೇಳಲು ತಲೆಯೆತ್ತಿದಾಗ ನಾತ ಮತ್ತೆ ರಪ್ಪನೆ ಬಡಿಯಿತು, ಈ ಸಲ ಮೇಲಿನಿಂದ. ಎಲೆಯುದುರಿದ ಮರಗಳ ಕೊಂಬೆಗಳಲ್ಲಿ ಮಾಸಿದ ಕೆಂಪಿನ ಸಣ್ಣ ಹೂಗಳು ಗೊಂಚಲು ಗೊಂಚಲಾಗಿ ಬಿಟ್ಟಿದ್ದವು. ಮರಗಳು ಹೂ ಬಿಟ್ಟಿದ್ದು ಇದೇ ಮೊದಲು. ಬೆಂಚಿನ ಮೇಲೆ ಉದುರಿದ್ದ ಒಂದನ್ನು ಮೂಗಿಗೆ ಹಿಡಿದಳು. ಅದೇ ನಾತ.

ದೊಡ್ಡಕ್ಕನಿಗೆ ಆಗ ಏನೂ ಹೇಳದೆ ಗೇಟಿನ ಕಡೆ ನಡೆದು, ಫೋನಿನಲ್ಲಿ ಹಳೆಯ ಗಿಡಗಳ ಪಟ್ಟಿ ತೆರೆದಳು. ಏಳನೆಯದು: ಸ್ಟರ್ಕ್ಯುಲಿಯಾ ಫೀಟಿಡಾ, ಹನ್ನೊಂದು. ನರ್ಸರಿಯವನು ತೋರಿಸಿದ ಚಿತ್ರದಲ್ಲಿ ನೆಟ್ಟಗಿನ ಕಾಂಡ, ಕೊಡೆಯಂತೆ ಹರಡಿದ ಕೊಂಬೆ ಇತ್ತು. ಅಷ್ಟು ನೋಡಿ ಆರಿಸಿದ್ದಳು. ನಕ್ಷೆಯಲ್ಲಿ ಅದು ಹನ್ನೊಂದು ಹಸಿರು ವೃತ್ತ. ವೃತ್ತಕ್ಕೆ ವಾಸನೆ ಇರುವುದಿಲ್ಲವಲ್ಲ. ಫೀಟಿಡಾ ಎಂದರೆ ಏನೆಂದು ಈಗ ಹುಡುಕಿದಳು. ಗಬ್ಬು ನಾರುವುದು. ನಾತವೆಂದು ಹೆಸರಿನಲ್ಲೇ ಸಾರಿಕೊಂಡ ಮರವನ್ನು, ಒಂದಕ್ಷರ ತಪ್ಪಿಲ್ಲದೆ ಎಷ್ಟೋ ಸಲ ಬರೆದು, ಕಾಯಿಲೆಯವರ ಕಿಟಕಿಯ ಕೆಳಗೆ ನೆಡಿಸಿದ್ದಳು.

ಗಂಡ ಫೋನಿನಲ್ಲಿ ಎಲ್ಲ ಕೇಳಿ, ಹೂ ಇನ್ನೆಷ್ಟು ದಿನ ಇರುತ್ತೆ ಎಂದು ವಿಚಾರಿಸಿದ. ಒಣಕೊಂಬೆ ಸವರುತ್ತೇವೆಂದು ಹೇಳಿ ಗೊಂಚಲು ಇಳಿಸಿಬಿಟ್ಟರಾಯಿತು, ಆಸ್ಪತ್ರೆಯ ಹೊಸ ಕಟ್ಟಡದ ತೋಟವೂ ನಮಗೇ ಬರುವುದಿದೆ, ನಾವಾಗಿ ಮೈಮೇಲೆ ಎಳೆದುಕೊಳ್ಳುವುದು ಯಾಕೆ ಎಂದ. ದೊಡ್ಡಕ್ಕನ ಗತಿ ಏನೆಂದು ಅವಳು ಕೇಳಿದಳು.

"ಅವಳಿಗೆ ಇನ್ನೆಲ್ಲಾದ್ರೂ ಕೆಲಸ ಸಿಗುತ್ತೆ ಬಿಡೆ."

ಗಂಡನ ಮೇಲೆ ಅಸಹ್ಯ ಹುಟ್ಟಿತು. ಆದರೆ ಫೋನು ಮಾಡುವ ಮೊದಲೇ ತನ್ನ ತಲೆಯಲ್ಲೂ ಅದೇ ಮಾತು, ಹೆಚ್ಚುಕಮ್ಮಿ ಅದೇ ಪದಗಳಲ್ಲಿ, ಸುಳಿದುಹೋಗಿತ್ತು. ವಾಪಸು ಬಂದು ಎರಡು ಬೊಗಸೆ ಹೂ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

ಮ್ಯಾನೇಜರನ ಕೋಣೆಯಲ್ಲಿ ಕಿಟಕಿ ಬಿಗಿದಿತ್ತು, ಏಸಿ ಓಡುತ್ತಿತ್ತು. ಹೂಗಳನ್ನು ಅವನ ಮೇಜಿನ ಗಾಜಿನ ಮೇಲೆ ಸುರಿದು ಸುಮ್ಮನೆ ಕುಳಿತಳು. ಒಂದು ನಿಮಿಷವೂ ಆಗಲಿಲ್ಲ, ಅವನ ಕೈ ಕರವಸ್ತ್ರಕ್ಕೆ ಹೋಯಿತು. ಆಗ ಮರದ ವಿಷಯ ಹೇಳಿದಳು. ಹೇಳಿದ್ದನ್ನು ಕೇಳಿ ಅವನು ಸಿಟ್ಟಾಗಲಿಲ್ಲ, ದನಿ ತಗ್ಗಿಸಿದ. ಟ್ರಸ್ಟಿಗಳಿಗೆ ಗೊತ್ತಾದರೆ ಇಬ್ಬರಿಗೂ ಕಷ್ಟ, ಇದು ನಮ್ಮಲ್ಲೇ ಇರಲಿ ಅಂದ. ಮೊದಲು ಇದನ್ನು ತೆಗೆಸುತ್ತೇನೆಂದು ಗಂಟೆ ಒತ್ತಿದ.

ಮೊರ ಪೊರಕೆ ಹಿಡಿದು ಬಂದವಳು ದೊಡ್ಡಕ್ಕ. ಅವಳ ಲೆಕ್ಕದಲ್ಲಿ ಇನ್ನೂ ಇವತ್ತಿನ ಕೆಲಸ ಮುಗಿದಿರಲಿಲ್ಲ.

"ದೊಡ್ಡಕ್ಕ, ನಾತ ಈ ಹೂವಿಂದು," ಎಂದಳು ವಿನ್ಯಾಸಕಿ. "ಮರ ಆರಿಸಿದ್ದು ನಾನು. ನೀವೇನೂ ಮಾಡಿಲ್ಲ."

ದೊಡ್ಡಕ್ಕ ಇಬ್ಬರ ಮುಖವನ್ನೂ ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಮೇಜಿನಿಂದ ಒಂದು ಹೂ ಎತ್ತಿಕೊಂಡು ಮೂಗಿಗೆ ಹಿಡಿದಳು. ಕರವಸ್ತ್ರದೊಳಗಿನಿಂದ ಮ್ಯಾನೇಜರ್, ಆಯಿತು, ನಾಳೆ ಬಾ, ಈಗ ಇದನ್ನು ಬಳಿದುಹಾಕು ಎಂದ. ಅವಳು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಳ್ಳುತ್ತ, ಆ ಹೂವನ್ನು ಮೂಸುತ್ತಲೇ ನಿಂತಳು.