ಮೂರು ಸಲ ಬೀಗ

ತಂಗಿ ದುಡಿಯುತ್ತಿದ್ದುದು ಪಾರ್ಸೆಲ್ ಕಂಪನಿಯಲ್ಲಿ. ಯಾವ ಗಾಡಿ ಯಾವ ಬೀದಿಗೆ ಮೊದಲು ಹೋದರೆ ಪೆಟ್ರೋಲೂ ಹೊತ್ತೂ ಉಳಿಯುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವುದು ಅವಳ ಕಸುಬು. ಅಕ್ಕ ಸರಕಾರಿ ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ಪಟ್ಟಿ ಕಟ್ಟಿ, ಸೂಜಿ ಚುಚ್ಚಿ ಬರುವ ವಿಭಾಗದವಳು. ಒಂದು ಸಂಜೆ ಅಕ್ಕ ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು, "ನಿಮ್ಮ ಪಾರ್ಸೆಲ್ಲಿಗೆ ಇರೋ ಮರ್ಯಾದೆ ನಮ್ಮ ಪೇಷಂಟಿಗಿಲ್ಲ ನೋಡೇ. ಆ ತಲೇನ ನಮ್ಮ ಆಫೀಸಿಗೂ ಒಂದು ಚೂರು ಕೊಡಬಾರದಾ?" ಎಂದಳು. ಶುರುವಾದದ್ದು ಹಾಗೆ.

ತಂಗಿ ತನ್ನ ಶನಿವಾರಗಳನ್ನು ಆ ಕಚೇರಿಗೆ ಕೊಟ್ಟಳು. ಸಂಬಳ ಬೇಡವೆಂದಾಗ ವೈದ್ಯಾಧಿಕಾರಿ ಕನ್ನಡಕದ ಮೇಲಿಂದ ನೋಡಿ, "ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅಂತಾರೆ. ಎಷ್ಟು ಕೆಲಸ ಹೇಳಲಮ್ಮ ನಿಮಗೆ?" ಎಂದು ನಕ್ಕರು. ನರ್ಸುಗಳು ಅವಳಿಗೆ ಬಿಟ್ಟಿ ಇಂಜಿನಿಯರ್ ಎಂದು ಹೆಸರಿಟ್ಟರು. ಅವಳಿಗೆ ಸಿಕ್ಕ ಕುರ್ಚಿಯ ಒಂದು ಕಾಲು ಕುಂಟು. ಔಷಧಿ ಡಬ್ಬದ ರಟ್ಟು ಮಡಚಿ ಅದರಡಿ ತುರುಕಿ ಕೂತಳು.

ಕೆಲಸ ಚೆನ್ನಾಗಿಯೇ ಆಯಿತು. ಊರ ತುಂಬ ಬುಗುರಿಯಂತೆ ತಿರುಗುತ್ತಿದ್ದ ನರ್ಸುಗಳ ಫೋನಿನಲ್ಲಿ ಈಗ ಬೆಳಗ್ಗೆಯೇ ದಾರಿ ಮೂಡುತ್ತಿತ್ತು. ಒಂದು ಮನೆ ಮುಗಿದರೆ ಒಂದು ಗುಂಡಿ ಒತ್ತಬೇಕು. ರೋಗಿಯನ್ನು ನೋಡಲಾಗದಿದ್ದರೆ ಕಾರಣದ ಗುಂಡಿ: ಮನೆಗೆ ಬೀಗ, ಇಲ್ಲವೇ ಹೊತ್ತು ಸಾಲಲಿಲ್ಲ. ಎಲ್ಲಿ ನಿಂತು ಒತ್ತಿದರು ಎಂಬುದನ್ನೂ ಫೋನು ನೆನಪಿಟ್ಟುಕೊಳ್ಳುತ್ತಿತ್ತು. ಮುಂದಿನ ದಾರಿಯ ಲೆಕ್ಕಕ್ಕೆ ಅದು ಬೇಕಾಗಿತ್ತು. ಬೇರೆ ಉದ್ದೇಶವೇನೂ ಇರಲಿಲ್ಲ.

ಆಮೇಲೆ ವೈದ್ಯಾಧಿಕಾರಿ, "ಕಾಯ್ತಾ ಇರೋರ ಸಾಲು ಹನುಮಂತನ ಬಾಲ ಆಗಿದೆ. ಊರು ಬಿಟ್ಟೋರು, ತೀರಿಕೊಂಡೋರು, ಎಲ್ಲರ ಹೆಸರೂ ಪಟ್ಟೀಲಿ ಹಾಗೇ ಕೂತಿದೆ. ಅದಕ್ಕೊಂದು ದಾರಿ ಮಾಡಿ" ಎಂದರು. ತಂಗಿಗೆ ದಾರಿ ಹುಡುಕಬೇಕಾಗಿಯೇ ಇರಲಿಲ್ಲ. ಪಾರ್ಸೆಲ್ ಕಂಪನಿಯಲ್ಲಿ ಮೂರು ಸಲ ಹೋದಾಗಲೂ ಮನೆಗೆ ಬೀಗವಿದ್ದರೆ ಪಾರ್ಸೆಲ್ ವಾಪಸು. ಅದೇ ನಿಯಮವನ್ನು ತಂದು ಇಲ್ಲಿ ಹಾಕಿದಳು. ಮೂರು ಸಲ ಬೀಗ ಎಂದು ಬಂದರೆ ಹೆಸರು ತಾನಾಗಿ ಪಟ್ಟಿಯಿಂದ ಇಳಿಯುತ್ತದೆ. ಅದನ್ನು ಬರೆದು ಮುಗಿಸಿದಾಗ ಅವಳ ಟೀ ಇನ್ನೂ ಆರಿರಲಿಲ್ಲ.

ಸಾಲು ಕರಗಿತು. ಹೊಸಬರಿಗೆ ಬೇಗ ಸರದಿ ಬಂತು. ಬೇರೆ ಜಿಲ್ಲೆಗಳವರು ನೋಡಲು ಬರುತ್ತಾರಂತೆ ಎಂಬ ಸುದ್ದಿಯೂ ಹುಟ್ಟಿತು. ಅಕ್ಕ ಸಿಕ್ಕವರಿಗೆಲ್ಲ, "ನಮ್ಮ ಹುಡುಗಿ" ಎನ್ನುತ್ತಿದ್ದಳು.

ಅಂಥದೊಂದು ಶನಿವಾರ ಕೌಂಟರಿನಲ್ಲಿ ಗಲಾಟೆ ಕೇಳಿಸಿತು. ನಿವೃತ್ತ ಬಸ್ ಡ್ರೈವರ್ ಒಬ್ಬ, ಬೆವರಿನಿಂದ ಬೆನ್ನಿಗಂಟಿದ ಅಂಗಿ, ಗುಮಾಸ್ತನ ಮುಂದೆ ನಿಂತಿದ್ದ.

"ನಿಮ್ಮ ಮನೆಗೆ ಮೂರು ಸಲ ಬೀಗ ಹಾಕಿತ್ತು ಅಂತ ಇಲ್ಲಿ ಬಂದಿದೆ," ಎಂದ ಗುಮಾಸ್ತ.

"ಬೀಗವಾ? ನನ್ನ ಹೆಂಡ್ತಿ ಹಾಸಿಗೆ ಮೇಲೆ, ನಾನು ಅವಳ ಪಕ್ಕ. ಬೀಗ ಜಡಿದು ನಾವಿಬ್ಬರೂ ಎಲ್ಲಿಗೆ ಹೋಗೋಣ ಸ್ವಾಮಿ, ಹನಿಮೂನಿಗಾ?"

ಕೌಂಟರಿನ ಆಚೆ ಈಚೆ ಇದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. ತಂಗಿ ಎದ್ದು ಹೋಗಿ, "ನಡೀರಿ, ನಾನು ನೋಡ್ತೀನಿ" ಎಂದಳು.

ಅವನ ಮನೆ ಗುಡ್ಡದ ಮೇಲೆ. ಗಾಡಿ ಕೆಳಗಿನ ಬಸ್ ನಿಲ್ದಾಣದವರೆಗೆ ಮಾತ್ರ. ಅಲ್ಲಿಂದ ಒಂದರ ಎತ್ತರ ಇನ್ನೊಂದಕ್ಕಿಲ್ಲದ ಮೆಟ್ಟಿಲು. "ನಾನು ಫಸ್ಟ್ ಗೇರಲ್ಲಿ ಹತ್ತೋದು, ನೀವು ಮುಂದೆ ಹೋಗಿಮ್ಮ" ಎಂದ ಡ್ರೈವರ್. ಅರ್ಧದಲ್ಲಿ ಅವಳೇ ಗೋಡೆ ಹಿಡಿದು ನಿಂತಳು. ಅವಳ ಪ್ರೋಗ್ರಾಂ ಪ್ರಕಾರ ನಿಲ್ದಾಣದಿಂದ ಆ ಮನೆ ಕೂಗಳತೆಯ ದೂರ. ನಕ್ಷೆಯಲ್ಲಿ ಎತ್ತರ ಇರಲಿಲ್ಲ.

ಒಳಗೆ ಫಿನಾಯಿಲಿನ ವಾಸನೆ, ಅದರಡಿ ಇನ್ನೊಂದು ವಾಸನೆ. ಲಕ್ವ ಹೊಡೆದ ಹೆಂಡತಿಯನ್ನು ಅವನು ಮಗುವನ್ನು ಹೊರಳಿಸುವಂತೆ ಹೊರಳಿಸಿ ಬೆನ್ನು ತೋರಿಸಿದ. ಹಳೆಯ ಯೂನಿಫಾರ್ಮಿನ ಅಂಗಿಯನ್ನು ಕುದಿಸಿ, ಹರಿದು, ಪಟ್ಟಿ ಕಟ್ಟಿದ್ದ. ಖಾಕಿ ಬಟ್ಟೆಯಡಿ ಗಾಯ ಅಂಗೈಯಷ್ಟಗಲ ತೆರೆದಿತ್ತು.

"ನರ್ಸು ಬರ್ತಿದ್ದಾಗ ಇದು ಕಾಸಿನಗಲ ಇತ್ತು," ಎಂದ. "ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಹೇಳಿಮ್ಮ. ನಾನು ಬಾಯಿ ಸ್ವಲ್ಪ ಜೋರು. ಅದಕ್ಕೇನಾದ್ರೂ ಬೇಜಾರು ಮಾಡ್ಕೊಂಡ್ರಾ?"

ತಂಗಿ ಬಾಗಿಲ ಬಳಿ ಬಂದು ಫೋನು ತೆರೆದಳು. ಮೂರು ಸಲವೂ ಒತ್ತಿದ್ದು ಒಬ್ಬಳೇ. ಒತ್ತಿದ ಜಾಗ ಕೆಳಗಿನ ಬಸ್ ನಿಲ್ದಾಣ. ಒತ್ತಿದವಳು ಅಕ್ಕ.

ಸಂಜೆ ತಂಗಿ ಮನೆಗೆ ಹೋದಾಗ ಅಕ್ಕ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ತಂಗಿ ಎಲ್ಲ ಹೇಳಿ ಮುಗಿಸುವವರೆಗೆ ಇಸ್ತ್ರಿ ನಿಲ್ಲಲಿಲ್ಲ.

"ಎಲ್ಲರೂ ಒತ್ತೋದು ಅದನ್ನೇ," ಎಂದಳು ಕೊನೆಗೆ. "ಹೊತ್ತು ಸಾಲಲಿಲ್ಲ ಅಂತ ಒತ್ತಿದ್ರೆ ಮಾರನೇ ದಿನ ಮೆಮೊ. ಬೀಗ ಅಂತ ಒತ್ತಿದ್ರೆ ಯಾರೂ ಕೇಳಲ್ಲ. ನಿನ್ನ ಫೋನು ಬರೋಕೆ ಮುಂಚೆ ಕಾಗದದಲ್ಲೂ ಹಾಗೇ ಬರೀತಿದ್ವಿ. ಈ ವಾರ ಆಗದಿದ್ರೆ ಬರೋ ವಾರ ಹತ್ತೀವಿ. ಯಾರ ಹೆಸರೂ ಹೋಗ್ತಿರಲಿಲ್ಲ."

"ಮೂರು ಸಲಾನೂ ಆಗಲಿಲ್ವಾ?"

"ಕಾಲು ನೋಡಿದೀಯಲ್ಲ ನೀನು. ದಾರಿ ಉಳಿಸಿದೆ ಅಂತ ನೀನು ಬೀಗಿದೆ. ಉಳಿದ ಹೊತ್ತಿಗೆ ನಿಮ್ಮ ಸಾಹೇಬರು ಇನ್ನೆರಡು ಮನೆ ತುರುಕಿದ್ರು. ಸಾಯಂಕಾಲ ಆ ಗುಡ್ಡದ ಬುಡಕ್ಕೆ ಬರೋ ಹೊತ್ತಿಗೆ ಜೀವ ಬಾಯಿಗೆ ಬಂದಿರುತ್ತೆ. ನಾಲ್ಕನೇ ವಾರ ಹೆಸರೇ ಬರಲಿಲ್ಲ. ಆಸ್ಪತ್ರೆಗೆ ಸೇರಿಸಿರ್ತಾರೆ ಅಂದ್ಕೊಂಡೆ."

"ಅಂದ್ಕೊಂಡೆಯಾ, ಅಂದ್ಕೊಳ್ಳೋದು ಸುಲಭ ಆಯ್ತಾ?"

ಇಸ್ತ್ರಿ ನಿಂತಿತು. "ನಿನಗೆ ಸುಲಭ ಆಗಿತ್ತಲ್ಲ. ಟೀ ಕುಡೀತಾ ಬರೆದೆ ಅಂತ ನೀನೇ ಹೇಳಿದ್ದೆ."

ತಂಗಿ, "ಸೋಮವಾರ ಸಾಹೇಬರಿಗೆ ಹೇಳ್ತೀನಿ. ನಿಯಮ ತೆಗೀಬೇಕು. ಇಳಿಸಿದೋರನ್ನೆಲ್ಲ ವಾಪಸು ಸೇರಿಸಬೇಕು" ಎಂದಳು.

"ಬೀಗ ಸುಳ್ಳು ಅಂತ ಹೇಗೆ ಗೊತ್ತಾಯ್ತು ಅಂದ್ರೆ?"

"ನಿನ್ನ ಹೆಸರು ಬರದ ಹಾಗೆ ನೋಡ್ಕೋತೀನಿ."

"ಹಾವೂ ಸಾಯಬಾರದು, ಕೋಲೂ ಮುರೀಬಾರದು," ಎಂದಳು ಅಕ್ಕ, ಅಂಗಿಯ ಕಾಲರನ್ನು ಬೆರಳಿನಿಂದ ನೀವುತ್ತ. "ಹೋಗು. ಹೇಳು. ಇವತ್ತು ಮಾತ್ರ ಇಲ್ಲಿ ಊಟಕ್ಕೆ ಕೂರಬೇಡ."

ಸೋಮವಾರ ಅರ್ಧ ದಿನ ರಜೆ ಹಾಕಿ ತಂಗಿ ಕಚೇರಿಗೆ ಹೋದಳು. ವೈದ್ಯಾಧಿಕಾರಿ ಸಹನೆಯಿಂದ ಕೇಳಿದರು. "ತಪ್ಪು ನಂದು, ಸರ್. ಪಾರ್ಸೆಲ್ಲಿನ ನಿಯಮ ಮನುಷ್ಯರಿಗೆ ಹಾಕಿದೆ" ಎಂದಳು.

"ಛೆ ಛೆ. ಆ ಡ್ರೈವರ್ ಹೆಂಡ್ತೀನ ಇವತ್ತೇ ಸೇರಿಸ್ತೀನಿ. ಮಧ್ಯಾಹ್ನವೇ ನರ್ಸು ಹೋಗ್ತಾರೆ. ಆಯ್ತಾ?"

"ಉಳಿದೋರು?"

"ಒಂದು ಮನೆ ನೋಡ್ಕೊಂಡು ಎಲ್ಲರನ್ನೂ ವಾಪಸು ತರೋಕಾಗುತ್ತೇನಮ್ಮ? ಅವರ ಬಾಗಿಲೂ ತೆರೆದಿತ್ತು ಅನ್ನೋದಕ್ಕೆ ಏನು ಆಧಾರ?"

ಅಲ್ಲಿಗೆ ಸುಮ್ಮನಾಗಬಹುದಿತ್ತು. ಡ್ರೈವರನ ಕೆಲಸ ಆಗಿತ್ತು. ಅಕ್ಕನ ಹೆಸರು ಬಂದಿರಲಿಲ್ಲ. ಎದ್ದು ನಮಸ್ಕಾರ ಹೇಳಿದರೆ ಮುಗಿಯಿತು. ತಂಗಿ ಎದ್ದೂ ಎದ್ದಳು. ಡ್ರೈವರನಿಗೆ ಜೋರು ಬಾಯಿಯಿತ್ತು, ಮೆಟ್ಟಿಲಿಳಿದು ಬಂದ. ಇಳಿದು ಬರಲು ಗಂಡನಾಗಲಿ ಬಾಯಾಗಲಿ ಇಲ್ಲದವರು ಇನ್ನೂ ಮಲಗಿಯೇ ಇದ್ದರು. ಮತ್ತೆ ಕೂತು ಫೋನನ್ನು ಮೇಜಿನ ಮೇಲಿಟ್ಟು ನಕ್ಷೆ ತೆರೆದಳು. ಬೀಗ ಎಂದು ಒತ್ತಿದ ಜಾಗಗಳು ಕೆಂಪು ಚುಕ್ಕೆಗಳಾಗಿ ಬಂದವು. ಮನೆಗಳ ಮುಂದೆ ಕೆಲವೇ ಕೆಲವು. ಉಳಿದವು ಬಸ್ ನಿಲ್ದಾಣದಲ್ಲಿ, ಔಷಧಿ ಅಂಗಡಿಯ ಮುಂದೆ, ನರ್ಸುಗಳ ಸ್ವಂತ ಮನೆಯ ಬೀದಿಯಲ್ಲಿ.

ವೈದ್ಯಾಧಿಕಾರಿ ಬಹಳ ಹೊತ್ತು ನೋಡಿದರು. ಅವರ ಮುಖ ಬೆಳಗಿತು. ತಂಗಿಗೆ ಭಯವಾದದ್ದು ಆಗಲೇ.

"ನಿಮ್ಮ ಪ್ರೋಗ್ರಾಂ ಕಳ್ಳರನ್ನೂ ಹಿಡಿಯುತ್ತೆ ಅಂತ ನೀವು ಹೇಳಲೇ ಇಲ್ವಲ್ಲ!"

"ಅವರು ಕಳ್ಳರಲ್ಲ ಸರ್. ಮನೆಗಳು ಜಾಸ್ತಿ ಆಗಿವೆ, ಹೊತ್ತು ಸಾಲ್ತಿಲ್ಲ."

"ಬೇಲೀನೇ ಎದ್ದು ಹೊಲ ಮೇಯ್ತಾ ಇದೆ, ನೀವು ಬೇಲಿಗೆ ಹಸಿವು ಅಂತೀರಲ್ಲ. ಇಳಿಸಿದೋರನ್ನೆಲ್ಲ ಸೇರಿಸೋಣ, ಅದು ನನ್ನ ಜವಾಬ್ದಾರಿ. ನಿಯಮ ಇರಲಿ. ಸುಳ್ಳು ಒತ್ತೋರು ಇಲ್ಲದ ಮೇಲೆ ನಿಯಮದಿಂದೇನು ತೊಂದರೆ?"

"ನಾನು ಬರೆದದ್ದು. ನಾನೇ ತೆಗೀತೀನಿ."

"ಕೊಟ್ಟ ಮೇಲೆ ಅದು ಕಚೇರೀದು ಕಣಮ್ಮ," ಎಂದರು ಅವರು, ಮೃದುವಾಗಿಯೇ.

ಮಾತು ಉಳಿಸಿಕೊಂಡರು. ಇಳಿದ ಹೆಸರುಗಳೆಲ್ಲ ಆ ವಾರವೇ ವಾಪಸು ಬಂದವು. ಒಬ್ಬಿಬ್ಬರನ್ನು ಬಿಟ್ಟು. ಅವರಿಗೆ ಇನ್ನು ಯಾವ ನರ್ಸೂ ಬೇಕಾಗಿರಲಿಲ್ಲ. ಅದಕ್ಕೆ ಕಾರಣ ಯಾರೆಂದು ಯಾರೂ ಕೇಳಲಿಲ್ಲ. ನರ್ಸುಗಳಿಗೆಲ್ಲ ಮೆಮೊ ಹೋಯಿತು. ತನ್ನ ಹೆಸರಿನಲ್ಲಿ ಎಲ್ಲರಿಗಿಂತ ಹೆಚ್ಚು ಚುಕ್ಕೆಗಳಿದ್ದ ಅಕ್ಕ ವಿಚಾರಣೆ ಮುಗಿಯುವ ತನಕ ಅಮಾನತಾದಳು. ಮುಂದಿನ ಶನಿವಾರ ತಂಗಿಯ ಕುರ್ಚಿಯ ಬಳಿ ಯಾರೂ ನಿಲ್ಲಲಿಲ್ಲ. ಬಿಟ್ಟಿ ಇಂಜಿನಿಯರ್ ಎಂದು ಯಾರೂ ಕರೆಯಲೂ ಇಲ್ಲ.

ನಕ್ಷೆಗೆ ಮೆಟ್ಟಿಲುಗಳನ್ನು ಸೇರಿಸಬೇಕಿತ್ತು. ಅಂದೇ ತಂಗಿ ಹೊಸ ನರ್ಸಿನ ಜೊತೆ ಗುಡ್ಡ ಹತ್ತಿದಳು. ಹೊಸಬಳು ಕೆಲಸ ಬಲ್ಲವಳು, ಆದರೆ ಕಣ್ಣೆಲ್ಲ ಫೋನಿನ ಮೇಲೆ. ಪಟ್ಟಿಯನ್ನು ಒಂದೇ ಎಳೆತಕ್ಕೆ ಕಿತ್ತಾಗ ಹೆಂಡತಿಯ ಗಂಟಲಿನಿಂದ ಒಂದು ಸದ್ದು ಹೊರಟಿತು. ಕೆಲಸ ಮುಗಿಸಿ, ಹೊಸ್ತಿಲಲ್ಲೇ ನಿಂತು ಗುಂಡಿ ಒತ್ತಿ, ಅದು ಸರಿಯಾಗಿ ಬಿತ್ತೇ ಎಂದು ಎರಡು ಸಲ ನೋಡಿ ಇಳಿದು ಹೋದಳು.

ಡ್ರೈವರ್ ತಂಗಿಯನ್ನು ಪಕ್ಕಕ್ಕೆ ಕರೆದ.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಇನ್ನೊಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಮೊದಲು ಒಬ್ಬರು ಬರ್ತಿದ್ರು, ಎತ್ತರದ ಆಯಮ್ಮ, ಕಾಲು ಸ್ವಲ್ಪ ಎಳೀತಿದ್ರು. ನೀರು ಹಚ್ಚಿ ಹಚ್ಚಿ, ಇವಳ ಜೊತೆ ಮಾತಾಡ್ತಾ ಮಾತಾಡ್ತಾ ಪಟ್ಟಿ ಬಿಚ್ಚೋರು. ಬಿಚ್ಚಿದ್ದೇ ಇವಳಿಗೆ ಗೊತ್ತಾಗ್ತಿರಲಿಲ್ಲ. ಅವರನ್ನೇ ಕಳಿಸೋಕಾಗುತ್ತಾ? ತಡವಾದ್ರೂ ಪರವಾಗಿಲ್ಲ ಅನ್ನಿ. ನಾವು ಕಾಯ್ತೀವಿ."

ಹಾಸಿಗೆಯಿಂದ ಹೆಂಡತಿ ಇತ್ತಲೇ ನೋಡುತ್ತಿದ್ದಳು.

"ಕೇಳಿ ನೋಡ್ತೀನಿ," ಎಂದಳು ತಂಗಿ. ಅಕ್ಕ ಅವಳೊಡನೆ ಮಾತು ಬಿಟ್ಟು ಆಗಲೇ ವಾರವಾಗಿತ್ತು.